ಮಾತಿಲ್ಲದ ದಿನಗಳ ನುಚ್ಚು

ನನ್ನ ಕೆಲಸ ಬೇರೆಯವರ ಬಾಯಿಗೆ ಮಾತು ಕೊಡುವುದು. ಹಿಂದಿ ಸೀರಿಯಲ್ಲುಗಳು ಕನ್ನಡಕ್ಕೆ ಡಬ್ ಆಗುವಾಗ ಅವುಗಳಲ್ಲಿನ ಯಾರಾದರೊಬ್ಬ ಹೆಂಗಸಿಗೆ ನನ್ನ ಧ್ವನಿ ಇರುತ್ತದೆ. ಮದುವೆಯಾಗಿ ವಿಜಯಪುರದಿಂದ ಮುಂಬಯಿಗೆ ಬಂದ ಹೊಸದರಲ್ಲಿ ನಾನು ನಾಯಕಿಯ ಗೆಳತಿಯಾಗಿದ್ದೆ. ಆಮೇಲೆ ನಾಯಕಿಯ ಅಕ್ಕನಾದೆ. ಈಗ ಕೆಲವು ವರ್ಷಗಳಿಂದ ಅತ್ತೆ. ವಯಸ್ಸಾಗುತ್ತಿರುವುದು ನನಗೆ ಕನ್ನಡಿಗಿಂತ ಮೊದಲು ಮೈಕಿನ ಮುಂದೆ ಗೊತ್ತಾಗುತ್ತದೆ.

ಸ್ಟುಡಿಯೋ ಗೋರೆಗಾಂವ್‌ನಲ್ಲೇ ಇದೆ, ನಮ್ಮ ಮನೆಯೂ ಅಲ್ಲೇ. ಆ ದಿನ ನಮ್ಮ ಸೀರಿಯಲ್ಲಿನ ಅತ್ತೆ ಸೊಸೆಯನ್ನು ಮನೆಯಿಂದ ಹೊರಗೆ ಹಾಕುತ್ತಿದ್ದಳು. ಸಣ್ಣ ದೃಶ್ಯವೇನಲ್ಲ. ಮಳೆ, ಗುಡುಗು, ಕೈಯಲ್ಲಿ ಸೊಸೆಯ ಪೆಟ್ಟಿಗೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಪರದೆಯ ಮೇಲಿನ ತುಟಿಗಳನ್ನು ನೋಡುತ್ತಾ, "ಈ ಮನೆಯ ಹೊಸ್ತಿಲು..." ಎಂದು ಕಿರುಚಿದೆ. "ಹೊಸ್ತಿಲು" ಎನ್ನುವಲ್ಲಿ ಧ್ವನಿ ಎರಡು ಸೀಳಾಯಿತು. ಮುಂದಿನ ಶಬ್ದಕ್ಕೆ ಬರೀ ಗಾಳಿ ಬಂತು. ಗಾಜಿನ ಆಚೆ ಕೂತಿದ್ದ ರೆಕಾರ್ಡಿಂಗ್ ಹುಡುಗಿ ಕೇಬಲ್ ಸಡಿಲವಾಗಿದೆ ಎಂದುಕೊಂಡು ಒಳಗೆ ಬಂದು ಮೈಕನ್ನು ತಿರುಗಿಸಿ, ವೈರನ್ನು ಅದುಮಿ ನೋಡಿದಳು. ಮೈಕು ಸರಿಯಾಗಿಯೇ ಇತ್ತು.

ಗಂಟಲು ಕೂತು ಬಹಳ ದಿನವಾಗಿತ್ತು. ಬಿಸಿನೀರು, ಜ್ಯೇಷ್ಠಮಧು, ಅರಿಶಿನದ ಹಾಲು ಎಂದು ತಳ್ಳುತ್ತಾ ಬಂದಿದ್ದೆ. ಈ ಸಲ ತಳ್ಳಲಾಗಲಿಲ್ಲ. ಗಂಡ ಕುರ್ಲಾದ ಒಂದು ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್. ಅವರು ರಜೆ ಹಾಕಿ ನನ್ನನ್ನು ಕಿವಿ-ಮೂಗು-ಗಂಟಲಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರ್ ಹೆಂಗಸು, ನನಗಿಂತ ಚಿಕ್ಕವಳು. ಮೂಗಿನೊಳಗಿಂದ ತೆಳ್ಳಗಿನ ಕ್ಯಾಮೆರಾ ಬಿಟ್ಟು ನನ್ನ ಗಂಟಲನ್ನು ಟಿವಿಯಲ್ಲಿ ತೋರಿಸಿದಳು. ಇಷ್ಟು ವರ್ಷ ಅನ್ನ ಹಾಕಿದ ಧ್ವನಿ ಎಂದರೆ ಎರಡು ಬಿಳಿ ಪಟ್ಟಿಗಳು, ಅಷ್ಟೇ. ಬಾಗಿಲ ರೆಕ್ಕೆಗಳ ಹಾಗೆ ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಒಂದು ಪಟ್ಟಿಯ ಅಂಚಿನಲ್ಲಿ ಸಾಸಿವೆಯಷ್ಟು ದಪ್ಪದ ಏನೋ ಇತ್ತು. ಅದಿದ್ದುದರಿಂದ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ.

"ಏನದು?" ಗಂಡ ಹಿಂದಿಯಲ್ಲಿ ಕೇಳಿದರು.

"ನೋಡಿದ ಮಾತ್ರಕ್ಕೆ ಹೇಳೋಕಾಗಲ್ಲ. ತೆಗೆದು ಪರೀಕ್ಷೆಗೆ ಕಳಿಸಬೇಕು. ಬಹಳಷ್ಟು ಸಲ ಏನೂ ಇರಲ್ಲ."

ಆ "ಬಹಳಷ್ಟು ಸಲ" ನನ್ನ ಕಿವಿಯಲ್ಲಿ ಕೂತುಬಿಟ್ಟಿತು. ಉಳಿದ ಸಲ ಏನಿರುತ್ತದೆ ಎಂದು ನಾವಿಬ್ಬರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆಪರೇಷನ್ ಗ್ರಾಂಟ್ ರೋಡ್ ಕಡೆಯ ಒಂದು ಆಸ್ಪತ್ರೆಯಲ್ಲಿ. ಆದರೆ ಎದೆಯಲ್ಲಿ ಕಫ ಕಟ್ಟಿತ್ತು, ಅದು ಇಳಿಯುವವರೆಗೆ ಅರಿವಳಿಕೆ ಕೊಡುವ ಹಾಗಿರಲಿಲ್ಲ. ಕೆಲವು ವಾರ ಕಾಯಬೇಕಿತ್ತು. ಅಲ್ಲಿಯವರೆಗೆ ಮಾತು ಬಂದ್. ಪಿಸುಮಾತು ಇನ್ನೂ ಕೆಟ್ಟದ್ದಂತೆ, ಅದೂ ಬಂದ್. ಖಾರ, ಹುಳಿ, ಕರಿದದ್ದು, ಚಹಾ, ಕಾಫಿ ಎಲ್ಲ ಬಂದ್. ಇಷ್ಟು ಹೇಳಿ ಡಾಕ್ಟರ್ ನನ್ನ ಕೈ ಹಿಡಿದು, "ಟೆನ್ಷನ್ ಕೂಡ ಬಂದ್," ಎಂದು ನಕ್ಕಳು. ನಾನೂ ನಕ್ಕೆ, ಸದ್ದಿಲ್ಲದೆ.

ರಿಕ್ಷಾದಲ್ಲಿ ವಾಪಸು ಬರುವಾಗ ನಮ್ಮ ಸಂಸಾರದ ಒಂದು ಸಂಗತಿ ನನಗೆ ಮೊದಲ ಸಲ ಸ್ಪಷ್ಟವಾಯಿತು. ನನ್ನ ಗಂಡ ಮಾತಾಡುವವರಲ್ಲ. ಇಷ್ಟು ವರ್ಷ ಇಬ್ಬರ ಪಾಲಿನ ಮಾತನ್ನೂ ನಾನೇ ಆಡಿದ್ದೆ. ಈಗ ರಿಕ್ಷಾದಲ್ಲಿ ಮೀಟರಿನ ಟಿಕ್ ಟಿಕ್ ಬಿಟ್ಟರೆ ಏನೂ ಇರಲಿಲ್ಲ. ಹೈವೇ ದಾಟುವಾಗ ಅವರು ಗಂಟಲು ಸರಿ ಮಾಡಿಕೊಂಡು, "ಬಿಸಲು ಭಾಳ ಆಗೇತಿ," ಎಂದರು. ಪಾಪ, ನನ್ನ ಪಾಲಿನ ಮಾತು ಆಡಲು ಹೊರಟಿದ್ದರು.

ನನಗೆ ತಲೆ ಕೆಟ್ಟಾಗ ನೆಮ್ಮದಿ ಸಿಗುತ್ತಿದ್ದುದು ಖಾರದಲ್ಲೇ. ಕಷ್ಟದ ರೆಕಾರ್ಡಿಂಗ್ ಮುಗಿಸಿ ಸ್ಟೇಷನ್ ಹೊರಗೆ ನಿಂತು ಕೆಂಪು ಚಟ್ನಿಪುಡಿ ಹಾಕಿಸಿದ ವಡಾ ಪಾವ್ ತಿಂದರೆ ಅತ್ತೆಯ ಸಿಟ್ಟೆಲ್ಲ ಮೈಯಿಂದ ಇಳಿದುಹೋಗುತ್ತಿತ್ತು. ಮನೆಯಲ್ಲಿ ಬೇಸರವಾದರೆ ಮೆಣಸಿನಕಾಯಿ ಭಜಿ. ಮಗಳ ಪರೀಕ್ಷೆಯ ಫಲಿತಾಂಶದ ದಿನ, ಗಂಡನ ವರ್ಕ್‌ಶಾಪ್ ಮುಚ್ಚುತ್ತದೆ ಎಂದು ಸುದ್ದಿ ಹಬ್ಬಿದ ದಿನ, ಎಲ್ಲಕ್ಕೂ ನನ್ನ ಹತ್ತಿರ ಇದ್ದ ಔಷಧಿ ಬಿಸಿ ರೊಟ್ಟಿ ಮತ್ತು ಕೆಂಪು ಮೆಣಸಿನಕಾಯಿ ಅರೆದ ರಂಜಕ. ಈಗ ಎಲ್ಲಕ್ಕಿಂತ ದೊಡ್ಡ ಹೆದರಿಕೆ ಬಂದು ಕೂತಿತ್ತು, ಔಷಧಿಯ ಡಬ್ಬಿಗೆ ಮಾತ್ರ ಬೀಗ.

ಆ ಮೊದಲ ದಿನಗಳಲ್ಲಿ ನಾನು ಸರಿಯಾಗಿ ಉಣ್ಣಲಿಲ್ಲ. ಚಿಕ್ಕವಳಿದ್ದಾಗ ನಮ್ಮ ಓಣಿಯಲ್ಲಿ ಒಬ್ಬ ಮುದುಕ ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದ. ಅವನಿಗೆ ಮಾತು ಹೋಗಿತ್ತು, ಕೈಯಿಂದಲೇ ಎಲ್ಲ ತೋರಿಸುತ್ತಿದ್ದ. ಎಷ್ಟೋ ವರ್ಷ ಅವನ ನೆನಪೇ ಬಂದಿರಲಿಲ್ಲ. ಈಗ ಕಣ್ಣು ಮುಚ್ಚಿದರೆ ಅವನೇ.

ಮಗಳು ಕಾಲೇಜಿನಲ್ಲಿ ಓದುತ್ತಾಳೆ. ಹುಟ್ಟಿ ಬೆಳೆದದ್ದು ಇಲ್ಲಿಯೇ. ಕನ್ನಡ ಎಲ್ಲ ತಿಳಿಯುತ್ತದೆ, ಆದರೆ ಮಾತಾಡುವಾಗ ಅರ್ಧ ದಾರಿಯಲ್ಲಿ ಹಿಂದಿಗೆ ಹೊರಳುತ್ತಾಳೆ. ಅವಳು ಮೊಬೈಲಿನಲ್ಲಿ ನೋಡಿ ನನಗೆ ಓಟ್ಸ್ ಬೇಯಿಸಿ ಕೊಟ್ಟಳು. ಮೇಲೆ ಬಾಳೆಹಣ್ಣಿನ ಬಿಲ್ಲೆಗಳನ್ನು ಚಂದ ಜೋಡಿಸಿದ್ದಳು. ಬಾಯಿಗೆ ಇಟ್ಟರೆ ನೆನೆದ ರಟ್ಟಿನ ರುಚಿ. ಅವಳ ಮುಖ ನೋಡಿ ಹೆಬ್ಬೆರಳು ಎತ್ತಿ ಚೆನ್ನಾಗಿದೆ ಎಂದು ತೋರಿಸಿದೆ, ಅವಳು ಆಚೆ ಹೋದಮೇಲೆ ಬಟ್ಟಲನ್ನು ಸಿಂಕಿನಲ್ಲಿ ಬೋರಲು ಹಾಕಿದೆ. ಮರುದಿನ ಮತ್ತೆ ಓಟ್ಸ್ ಬಂತು.

ವಿಜಯಪುರದಲ್ಲಿ ನನ್ನ ತಾಯಿ ಇದ್ದಾಳೆ, ಅಣ್ಣನ ಮನೆಯಲ್ಲಿ, ಮೊಮ್ಮಕ್ಕಳ ಗದ್ದಲದ ನಡುವೆ. ವಾರಕ್ಕೊಮ್ಮೆ ಮಾತಾಡುತ್ತಿದ್ದೆವು. ಅವಳಿಗೆ ಮುಚ್ಚಿಡುವುದು ಬೇಡ ಎಂದು ಗಂಡನೇ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದರು. ಸ್ಪೀಕರ್ ಹಾಕಿದ್ದರು. ಆ ಕಡೆ ಕುಕ್ಕರಿನ ಒಲೆ ಆರಿಸಲು ಯಾರಿಗೋ ಹೇಳಿದ್ದು ಕೇಳಿತು. ಆಮೇಲೆ ತಾಯಿ ಹೇಳಿದಳು:

"ಅಕಿನ್ನ ಫೋನಿನ ಹತ್ರ ಕೂಡ್ರಿಸ್ರಿ. ಕೈಯಾಗ ಒಂದು ಚಮಚ ಕೊಡ್ರಿ."

ಗಂಡ ನನ್ನ ಮುಖ ನೋಡಿದರು. ಮಗಳು ಚಮಚ ತಂದು ಕೊಟ್ಟಳು.

"ನೀ ಮಾತಾಡಬ್ಯಾಡವ್ವಾ. ನಾ ಮಾತಾಡ್ತೀನಿ. ಹೌದಂದ್ರ ಒಂದ್ ಸಲ ಬಡಿ, ಅಲ್ಲಂದ್ರ ಎರಡ್ ಸಲ. ತಿಳೀತಾ?"

ನಾನು ಚಮಚದಿಂದ ಮೇಜನ್ನು ಒಂದು ಸಲ ಬಡಿದೆ.

"ಹೊಟ್ಟಿಗಿ ಉಂಡೀ?"

ಸುಳ್ಳು ಹೇಳೋಣವೆಂದು ಚಮಚ ಎತ್ತಿದೆ. ಆಗಲಿಲ್ಲ. ಎರಡು ಸಲ ಬಡಿದೆ.

"ಅಂಜಿಕಿ ಬರ್ತೈತೇನು?"

ಒಂದು ಸಲ.

"ಬರ್ಲಿ ಬಿಡು. ಅಂಜಿಕಿ ಬಂದ್ರೂ ಉಣ್ಣಬೇಕಲ್ಲ. ನಿನಗ ಜ್ವರ ಬಂದಾಗೆಲ್ಲ ನಾ ಏನ್ ಮಾಡಿ ಹಾಕ್ತಿದ್ದೆ? ನುಚ್ಚು ಹೌದಿಲ್ಲೋ? ಅದನ್ನ ಉಣ್ಣು. ಖಾರಿಲ್ಲ, ಹುಳಿ ಇಲ್ಲ, ನುಂಗೂದೂ ಬ್ಯಾಡ, ತಾನ ಇಳಿತೈತಿ."

ನುಚ್ಚು! ಈ ಊರಿಗೆ ಬಂದ ಮೇಲೆ ನಾನು ಅದನ್ನು ಮಾಡಿಯೇ ಇರಲಿಲ್ಲ. ಜೋಳವನ್ನು ತರಿತರಿಯಾಗಿ ಒಡೆದು, ನೀರಿನಲ್ಲಿ ಮೆತ್ತಗೆ ಬೇಯಿಸಿ, ಹಾಲೋ ಮಜ್ಜಿಗೆಯೋ ಹಾಕಿಕೊಂಡು ಉಣ್ಣುವ ಬಡ ಊಟ ಅದು. ಹಬ್ಬಕ್ಕೆ ಯಾರೂ ಮಾಡುವುದಿಲ್ಲ, ಬೀಗರು ಬಂದರೆ ಬಡಿಸುವುದಿಲ್ಲ. ಜ್ವರ ಬಂದವರಿಗೆ, ಹಲ್ಲಿಲ್ಲದವರಿಗೆ, ಬೇಸಿಗೆಯ ಮಧ್ಯಾಹ್ನಗಳಿಗೆ. ಅಡುಗೆ ಮಾಡಬಲ್ಲೆನಾದರೂ ನನ್ನ ಕೈಕಾಲಲ್ಲಿ ಆಗ ಬಲವೇ ಇರಲಿಲ್ಲ. ಮಗಳು ಫೋನ್ ಎತ್ತಿಕೊಂಡಳು.

"ಅಜ್ಜಿ, ನುಚ್ಚು ಮತ್ಲಬ್... ಅಂದ್ರ ಏನು? ದಲಿಯಾ ಥರಾ?"

"ದಲಿಯಾ ಗಿಲಿಯಾ ನನಗ ಗೊತ್ತಿಲ್ಲ. ಜ್ವಾಳ ಒಡಸ್ಕೊಂಡ್ ಬಾ. ಹಿಟ್ಟ ಮಾಡ್ಸಬ್ಯಾಡ ಮತ್ತ, ಒಡಸು."

"ಪಾನಿ... ನೀರು ಎಷ್ಟು ಹಾಕೂದು?"

"ಹಿಡಿವಷ್ಟು."

"ಹಿಡಿವಷ್ಟು ಅಂದ್ರ ಕಿತನಾ ಅಜ್ಜಿ?"

"ಅದು ಸಾಕು ಅನ್ನೂತನಕ."

ಮಗಳು ನನ್ನತ್ತ ತಿರುಗಿ ಕಣ್ಣು ಅಗಲಿಸಿದಳು. ಬಹಳ ದಿನಗಳ ನಂತರ ನನಗೆ ನಿಜವಾಗಿ ನಗು ಬಂತು, ಭುಜ ಕುಲುಕುವಷ್ಟು. ಸದ್ದು ಬರಬಾರದೆಂದು ಬಾಯಿ ಮುಚ್ಚಿಕೊಂಡು ನಕ್ಕೆ.

ಜೋಳ ಗೋರೆಗಾಂವ್‌ನ ಅಂಗಡಿಗಳಲ್ಲೂ ಸಿಗುತ್ತದೆ. ಆದರೆ ಗಂಡನಿಗೆ ಅದು ಒಪ್ಪಿಗೆಯಾಗಲಿಲ್ಲ. ಕುರ್ಲಾದಲ್ಲಿ ಅವರ ವರ್ಕ್‌ಶಾಪಿನ ಹಿಂದೆ ಕಲಬುರಗಿ, ಯಾದಗಿರಿ ಕಡೆಯ ಕಟ್ಟಡ ಕೆಲಸದವರು ಇರುವ ಓಣಿಯಿದೆ. ಅಲ್ಲಿನ ಕಿರಾಣಿ ಅಂಗಡಿಯಲ್ಲಿ ಊರಿನ ಬಿಳಿ ಜೋಳ ಬರುತ್ತದೆ. ಸಂಜೆಯ ಗರ್ದಿಯಲ್ಲಿ, ದಾದರಿನಲ್ಲಿ ಗಾಡಿ ಬದಲಿಸಿ, ಜೋಳದ ಚೀಲವನ್ನು ಎದೆಗೆ ಅವುಚಿಕೊಂಡು ಬಂದರು. ಶರ್ಟಿನ ಗುಂಡಿ ಒಂದು ಕಿತ್ತುಹೋಗಿತ್ತು. ಚೀಲ ಕೆಳಗಿಟ್ಟು, "ಗಾಡ್ಯಾಗ ಒಬ್ಬಾವ ಕೂಸೇನ್ರಿ ಅಂತ ಕೇಳಿದ," ಎಂದರು. ನನ್ನ ಗಂಡ ತಾವಾಗಿ ಒಂದು ತಮಾಷೆ ಹೇಳಿದ್ದು ಅದೇ ಮೊದಲಿರಬೇಕು.

ನಮ್ಮ ಬಿಲ್ಡಿಂಗಿನ ಕೆಳಗಿನ ಹಿಟ್ಟಿನ ಗಿರಣಿಯವನಿಗೆ ಜೋಳ ಒಡೆಯುವುದೆಂದರೆ ಏನೆಂದು ತಿಳಿಸುವುದು ಮಗಳ ಪಾಲಿಗೆ ಬಂತು. ಒಮ್ಮೆ ಹಿಟ್ಟೇ ಮಾಡಿಕೊಟ್ಟ. ಅದು ರೊಟ್ಟಿಗೆ ಆಯಿತು. ಎರಡನೆಯ ಸಲ ಅವಳು ಅಲ್ಲೇ ನಿಂತು, ಗಿರಣಿಯ ಬಾಯಿಯಿಂದ ಬೀಳುತ್ತಿದ್ದುದನ್ನು ಅಂಗೈಯಲ್ಲಿ ಹಿಡಿದು, ಫೋಟೋ ತೆಗೆದು ಅಜ್ಜಿಗೆ ಕಳಿಸಿ, ಅಣ್ಣನ ಮಗನಿಂದ "ಸರಿ ಐತಂತ" ಎಂದು ಉತ್ತರ ಬಂದ ಮೇಲೆಯೇ ಮನೆಗೆ ತಂದಳು.

ಮೊದಲ ನುಚ್ಚು ತಳ ಹಿಡಿಯಿತು. ಮನೆಯೆಲ್ಲ ಸೀದ ವಾಸನೆ. ಮೇಲೆ ನೀರು, ನಡುವೆ ಗಂಟು, ಕೆಳಗೆ ಕರಿ. ಮಗಳು ಸೌಟು ಎಸೆದು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು. ನುಚ್ಚಿಗಾಗಿ ಅಳುತ್ತಿಲ್ಲ ಎಂದು ನನಗೆ ಗೊತ್ತಿತ್ತು. ಅವಳೂ ಆ "ಬಹಳಷ್ಟು ಸಲ"ವನ್ನು ತನ್ನೊಳಗೆ ಇಟ್ಟುಕೊಂಡು ತಿರುಗುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ. ಮಾತಾಡಬಹುದಾಗಿದ್ದರೆ "ಏನೂ ಆಗೂದಿಲ್ಲ, ಹುಚ್ಚಿ" ಎಂದುಬಿಡುತ್ತಿದ್ದೆ. ಅದು ನಿಜವೋ ಅಲ್ಲವೋ ನನಗೇ ಗೊತ್ತಿರಲಿಲ್ಲ. ಹಾಗಾಗಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂದಲಿನಲ್ಲಿ ಬೆರಳಾಡಿಸಿದೆ, ಅಷ್ಟೇ. ಬಹಳ ಹೊತ್ತು ಹಾಗೆಯೇ ಇದ್ದೆವು. ಆಮೇಲೆ ಅವಳೇ ಎದ್ದು ಮೂಗು ಒರೆಸಿಕೊಂಡು, "ಮಮ್ಮಿ, ಇನ್ನೊಂದ್ ಸಲ ಟ್ರೈ ಮಾಡ್ತೀನಿ," ಎಂದಳು.

ಈ ಸಲ ನಾನು ಪಕ್ಕದಲ್ಲಿ ನಿಂತೆ. ಅವಳು ತಿರುವುತ್ತಿದ್ದಳು, ನಾನು ಅವಳ ಮಣಿಕಟ್ಟು ಹಿಡಿದು ಬೇಗ, ಮೆಲ್ಲಗೆ ಎಂದು ತೋರಿಸುತ್ತಿದ್ದೆ. ನುಚ್ಚು ಬುಸ್ ಬುಸ್ ಎಂದು ಉಸಿರು ಬಿಡತೊಡಗಿದಾಗ ಉರಿ ಸಣ್ಣ ಮಾಡಿದೆ. ಮುಚ್ಚಿಟ್ಟು ಕಾದೆವು. ಮುಚ್ಚಳ ತೆಗೆದಾಗ ಎದ್ದ ಹಬೆಯಲ್ಲಿ ಬೆಂದ ಜೋಳದ ಆ ವಾಸನೆ ಇತ್ತು, ನೆನೆದ ಮಣ್ಣಿಗೂ ಹಾಲಿಗೂ ನಡುವಿನದು. ಬಟ್ಟಲಿಗೆ ಹಾಕಿ, ಉಪ್ಪು, ಹಾಲು, ಒಂದಿಷ್ಟು ಬೆಣ್ಣೆ.

ಮೊದಲ ತುತ್ತು ತಾಯಿ ಹೇಳಿದ ಹಾಗೆಯೇ ತಾನಾಗಿ ಇಳಿಯಿತು. ನನ್ನ ಭುಜಗಳು ಕಿವಿಯವರೆಗೆ ಏರಿ ಕೂತಿದ್ದವೆಂದು ಅವು ಕೆಳಗೆ ಇಳಿದಾಗಲೇ ತಿಳಿದದ್ದು. ಇನ್ನೊಂದು ತುತ್ತು, ಮತ್ತೊಂದು. ಬಟ್ಟಲು ಖಾಲಿಯಾಯಿತು. ಮುಂದೆ ಚಾಚಿದೆ. ಮಗಳು ಮತ್ತೆ ಬಡಿಸಿದಳು. ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ತಾವೂ ಒಂದು ಬಟ್ಟಲು ತಂದುಕೊಂಡರು. ಆ ಮಧ್ಯಾಹ್ನ ಊಟವಾದ ಮೇಲೆ ನನಗೆ ಗಾಢ ನಿದ್ದೆ ಬಂತು. ಗುಳಿಗೆಯಿಲ್ಲದೆ ಬಂದ ನಿದ್ದೆ.

ಹೆದರಿಕೆ ಹೋಯಿತು ಎಂದಲ್ಲ. ಅದು ದಿನಾ ಬರುತ್ತಿತ್ತು, ಹೆಚ್ಚಾಗಿ ಮಧ್ಯಾಹ್ನ, ಮನೆ ಖಾಲಿಯಾದ ಮೇಲೆ. ಆದರೆ ಉಂಡ ಹೊಟ್ಟೆಯ ಹೆದರಿಕೆಯೇ ಬೇರೆ. ಅದರ ಜೊತೆಗೆ ಕೂರಬಹುದು. ನಾನು ದಿನಕ್ಕೊಂದು ಕ್ರಮ ಮಾಡಿಕೊಂಡೆ. ಬೆಳಿಗ್ಗೆ ಹಬೆ ತೆಗೆದುಕೊಳ್ಳುವುದು. ಆಮೇಲೆ ತಲೆಗೆ ಎಣ್ಣೆ ಹಚ್ಚಿಕೊಂಡು ಬಾಲ್ಕನಿಯ ಎಳೆಬಿಸಿಲಿನಲ್ಲಿ ಕೂರುವುದು. ಇಷ್ಟು ವರ್ಷ ಬಾಲ್ಕನಿ ಬಟ್ಟೆ ಒಣಗಿಸುವ ಜಾಗ ಮಾತ್ರವಾಗಿತ್ತು. ಸಂಜೆ ಕಾಲೊನಿಯ ಗಾರ್ಡನ್ನಿನಲ್ಲಿ ಸುತ್ತು.

ಆ ಸುತ್ತಾಟಕ್ಕೆ ಜೊತೆಯಾದವಳು ಕೆಳಗಿನ ಮಹಡಿಯ ನೆರೆಯವಳು. ಅವಳದೂ ವಿಜಯಪುರವೇ. ಮನೆಯಲ್ಲಿ ದಖನಿ ಉರ್ದು, ನನ್ನ ಹತ್ತಿರ ಕನ್ನಡ, ಎರಡೂ ಒಂದೇ ವೇಗ. ಬ್ಲೌಸ್ ಹೊಲಿಯುತ್ತಾಳೆ. ಸುದ್ದಿ ತಿಳಿದ ದಿನವೇ ಮುಚ್ಚಿದ ಪಾತ್ರೆ ಹಿಡಿದು ಮೇಲೆ ಬಂದಳು.

"ಅಕ್ಕಾ, ಹರೀರಾ ತಂದೀನಿ. ರವಾ, ಬದಾಮು, ಹಾಲು. ನಮ್ಮಲ್ಲಿ ಬಾಣಂತೇರಿಗೆ ಕೊಡ್ತಾರ. ನೀ ಏನ್ ಬಾಣಂತಿ ಅಲ್ಲ, ಆದ್ರೂ ಕುಡಿ. ಗಂಟಲಿಗೆ ರೇಷ್ಮಿ ಹಚ್ಚಿದಂಗ ಆಗ್ತೈತಿ."

ಹೌದು, ರೇಷ್ಮೆ ಹಚ್ಚಿದ ಹಾಗೆಯೇ ಆಗಿತ್ತು. ಅವಳು ನನ್ನ ಪಕ್ಕ ಕೂತು ತನ್ನ ಮಗಳ ಸಂಬಂಧ ಮುರಿದುಬಿದ್ದ ಕಥೆ ಹೇಳಿದಳು. ನಾಲ್ಕು ವರ್ಷಗಳಿಂದ ಪರಿಚಯ, ಈ ವಿಷಯ ಒಮ್ಮೆಯೂ ಬಂದಿರಲಿಲ್ಲ. ಬರುವುದಾದರೂ ಹೇಗೆ, ನಾನು ಬಾಯಿ ಮುಚ್ಚಿದ್ದರೆ ತಾನೇ?

ಹೀಗೆ ಒಂದು ವಿಚಿತ್ರ ಶುರುವಾಯಿತು. ನನಗೆ ಮಾತಿಲ್ಲ ಎಂದು ತಿಳಿದ ಕೂಡಲೇ ಬಿಲ್ಡಿಂಗಿನವರೆಲ್ಲ ನನ್ನ ಹತ್ತಿರ ಮಾತಾಡತೊಡಗಿದರು. ಎದುರು ಮನೆಯ ಮರಾಠಿ ಅಜ್ಜಿ ತನ್ನ ಸೊಸೆಯ ಬಗ್ಗೆ ಹೇಳಿದಳು, ಮರುದಿನ ಸೊಸೆ ಬಂದು ಅಜ್ಜಿಯ ಬಗ್ಗೆ ಹೇಳಿದಳು. ಸೊಸೈಟಿಯ ಸೆಕ್ರೆಟರಿ ಕ್ಷೇಮ ವಿಚಾರಿಸಲು ಬಂದವರು ತಮ್ಮ ಸಕ್ಕರೆ ಕಾಯಿಲೆಯಿಂದ ಶುರುಮಾಡಿ ತಮ್ಮನೊಂದಿಗಿನ ಜಗಳದವರೆಗೆ ಹೋದರು. ನಾನು ತಲೆಯಾಡಿಸುತ್ತಿದ್ದೆ. ಅವರೆಲ್ಲ ಹಗುರಾಗಿ ಎದ್ದು ಹೋಗುತ್ತಿದ್ದರು, ನಾನು ಭಾರವಾಗಿ ಕೂತಿರುತ್ತಿದ್ದೆ.

ಮಗಳು ಇದನ್ನು ಗಮನಿಸಿದಳು. "ಮಮ್ಮಿ, ಡಾಕ್ಟರ್ ನಿನಗ ರೆಸ್ಟ್ ಅಂದಾರ. ಎಲ್ಲಾರದೂ ಕೇಳ್ಕೊಂಡ್ ಕೂಡು ಅಂದಿಲ್ಲ." ಊಟದ ನಂತರ ನಾನು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಬೇಕೆಂಬುದು ಅವಳ ನಿಯಮವಾಯಿತು. ಬೆಲ್ಲಿನ ಸ್ವಿಚ್ಚನ್ನೂ ಆರಿಸಿದಳು. ಮೊದಲ ದಿನ ನನಗೆ ಒಂಥರಾ ಆಯಿತು. ಬಂದವರು ಏನಂದುಕೊಂಡಾರು, ಸೊಕ್ಕು ಎಂದಾರು. ಯಾರೂ ಏನೂ ಅನ್ನಲಿಲ್ಲ. ನೆರೆಯವಳು ಸಂಜೆ ಬಂದು, "ಮಧ್ಯಾಹ್ನ ನಾನೂ ಚಿಲಕಾ ಹಾಕ್ತೀನಿ ಇನ್ಮುಂದ," ಎಂದಳು.

ಒಂದೇ ಒಂದು ದಿನ ಮಾತ್ರ ಎಲ್ಲ ಕುಸಿದ ಹಾಗಾಯಿತು. ಮಧ್ಯಾಹ್ನ ಟಿವಿ ಹಾಕಿದೆ. ನಮ್ಮ ಸೀರಿಯಲ್ಲೇ ಬರುತ್ತಿತ್ತು. ಅತ್ತೆ ಬಾಯಿ ತೆರೆದಳು, ಬೇರೆಯವಳ ಧ್ವನಿ ಬಂತು. ಕೆಲಸ ನಿಲ್ಲುವ ಹಾಗಿಲ್ಲ, ಬೇರೆಯವರನ್ನು ತಂದಿರುತ್ತಾರೆ ಎಂದು ಗೊತ್ತಿತ್ತು. ಆದರೂ ನನ್ನದೇ ಕುರ್ಚಿಯಲ್ಲಿ ಇನ್ನೊಬ್ಬರು ಕೂತಿರುವುದನ್ನು ಕಿಟಕಿಯಿಂದ ನೋಡಿದ ಹಾಗಾಯಿತು. ಕೆಟ್ಟದಾಗಿಯೇನೂ ಇರಲಿಲ್ಲ ಆ ಧ್ವನಿ. ಚೆನ್ನಾಗಿತ್ತು. ಅದೇ ಕಷ್ಟವಾದದ್ದು. ಟಿವಿ ಆರಿಸಿ ಅಡುಗೆಮನೆಗೆ ಹೋದೆ. ಕೈಗೆ ಏನಾದರೂ ಬೇಕಿತ್ತು. ನಾನೇ ಒಂದು ಗಡಿಗೆ ನುಚ್ಚು ಇಟ್ಟು, ತಿರುವುತ್ತಾ, ತಿರುವುತ್ತಾ ನಿಂತೆ. ಕಣ್ಣೀರು ಬಂತು, ಬರಲಿ ಎಂದು ಬಿಟ್ಟೆ. ಈ ಸಲ ಬೆಲ್ಲ ಹಾಕಿದೆ, ಏಲಕ್ಕಿ ಹಾಕಿದೆ, ತುಪ್ಪ ಕೈತುಂಬ ಹಾಕಿದೆ. ಯಾರಿಗೂ ಕಾಯದೆ, ನಿಂತಲ್ಲೇ ಬಿಸಿಬಿಸಿ ಉಂಡೆ. ಉಣ್ಣುತ್ತಿದ್ದ ಹಾಗೆ ನನಗೆ ಒಂದು ಮಾತು ಹೊಳೆಯಿತು. ಧ್ವನಿ ವಾಪಸು ಬರದಿದ್ದರೆ ಅತ್ತೆಯ ಪಾತ್ರ ಹೋಗುತ್ತದೆ, ಕೆಲಸವೇ ಹೋಗಬಹುದು. ಆದರೆ ಈ ಬಟ್ಟಲು, ಈ ಬಾಲ್ಕನಿ, ಚಮಚದ ಸದ್ದಿಗೆ ಉತ್ತರ ಕೊಡುವ ತಾಯಿ, ಇವೇನೂ ಹೋಗುವುದಿಲ್ಲ. ಅದೇನು ದೊಡ್ಡ ಜ್ಞಾನವಲ್ಲ. ಆದರೆ ಆ ಹೊತ್ತಿಗೆ ಅಷ್ಟು ಸಾಕಾಯಿತು.

ಆಪರೇಷನ್ ದಿನ ಬೆಳಿಗ್ಗೆ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದೆವು. ಆಸ್ಪತ್ರೆಯಲ್ಲಿ ನನ್ನನ್ನು ಒಳಗೆ ಕರೆದುಕೊಂಡು ಹೋಗುವಾಗ ಗಂಡ ನನ್ನ ಸೆರಗನ್ನು ಸರಿಮಾಡಿದರು. ಎಚ್ಚರವಾದಾಗ ಗಂಟಲಲ್ಲಿ ಮರಳು ತುಂಬಿದ ಹಾಗಿತ್ತು. ಡಾಕ್ಟರ್ ಬಾಗಿ, "ಪೂರ್ತಿ ತೆಗೆದಿದ್ದೇವೆ. ಇನ್ನು ರಿಪೋರ್ಟ್ ಬರಲಿ. ಅಲ್ಲಿವರೆಗೆ ಒಂದು ಶಬ್ದವೂ ಬೇಡ," ಎಂದಳು.

ಆ ಕಾಯುವಿಕೆಯೇ ಎಲ್ಲಕ್ಕಿಂತ ಉದ್ದವಾದದ್ದು. ಆದರೆ ಅಷ್ಟೊತ್ತಿಗೆ ನನಗೆ ಕಾಯುವುದು ರೂಢಿಯಾಗಿತ್ತು. ಮಗಳ ಕೈಯ ನುಚ್ಚು ಈಗ ಗಂಟಿಲ್ಲದೆ ಆಗುತ್ತಿತ್ತು. ತಾಯಿ ದಿನಾ ಫೋನ್ ಮಾಡಿ ಊರಿನದೆಲ್ಲ ಹೇಳುತ್ತಿದ್ದಳು. ಯಾರ ಎಮ್ಮೆ ಕರು ಹಾಕಿತು, ಯಾರು ಹೊಸ ಬೈಕು ತಂದು ಮೊದಲ ದಿನವೇ ಚರಂಡಿಗೆ ಇಳಿಸಿದರು. ಕಾಯಿಲೆಯ ಮಾತೇ ಎತ್ತುತ್ತಿರಲಿಲ್ಲ.

ರಿಪೋರ್ಟಿನ ದಿನ ಮೂವರೂ ಹೋದೆವು. ಡಾಕ್ಟರ್ ಲಕೋಟೆ ಒಡೆದು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಏನೂ ಇಲ್ಲ. ಕೂಗಿ ಕೂಗಿ ಆದ ಗಂಟು. ಕೆಟ್ಟದ್ದೇನೂ ಅಲ್ಲ."

ಮಗಳು ನನ್ನ ತೋಳು ಹಿಡಿದಳು. ಗಂಡ ಒಂದು ಸಲ ಕೇಳಿದ್ದು ಸಾಲದೆ, "ಮತ್ತೊಮ್ಮೆ ಹೇಳ್ರಿ," ಎಂದು ಕನ್ನಡದಲ್ಲೇ ಕೇಳಿಬಿಟ್ಟರು. ಡಾಕ್ಟರಿಗೆ ಭಾಷೆ ತಿಳಿಯದಿದ್ದರೂ ಪ್ರಶ್ನೆ ತಿಳಿಯಿತು. ಮತ್ತೊಮ್ಮೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಈಗ ಮೆಲ್ಲಗೆ 'ಆ' ಅನ್ನಿ," ಎಂದಳು.

ನನಗೆ ಹೇಗೆ ಎಂಬುದೇ ಮರೆತಂತಾಗಿತ್ತು. ಉಸಿರು ಎಳೆದುಕೊಂಡು ಬಾಯಿ ತೆರೆದೆ. "ಆ." ಸಣ್ಣಗಿತ್ತು, ಸ್ವಲ್ಪ ತಗ್ಗಿನಲ್ಲಿತ್ತು, ಆದರೆ ಒಡಕಿರಲಿಲ್ಲ. ಒಂದೇ ಎಳೆಯಾಗಿ ಬಂತು. ಹಿಂದಿನಿಂದ ಗಂಡ ಮೂಗು ಸೀನಿಕೊಳ್ಳುವ ಸದ್ದು ಕೇಳಿಸಿತು. ತಿರುಗಿ ನೋಡಲಿಲ್ಲ. ಅವರಿಗೆ ನಾಚಿಕೆಯಾಗುತ್ತಿತ್ತು.

ಹೊರಗೆ ಬಂದಾಗ ಮೂವರಿಗೂ ಭಯಂಕರ ಹಸಿವು. ಸ್ಟೇಷನ್ ದಾರಿಯಲ್ಲಿ ಒಂದು ಉಡುಪಿ ಹೋಟೆಲಿಗೆ ನುಗ್ಗಿದೆವು. ವೇಟರ್ ಕರಾವಳಿಯವನು, ನಮ್ಮ ಮಾತು ಕೇಳಿ ಕನ್ನಡಕ್ಕೆ ತಿರುಗಿದ.

"ಎಂತ ಕೊಡಲಿ?"

ಗಂಡ, ಮಗಳು ಇಬ್ಬರೂ ನನ್ನ ಮುಖ ನೋಡಿದರು. ದಿನಕ್ಕೆ ಕೆಲವೇ ಮಾತು ಎಂದು ಡಾಕ್ಟರ್ ಹೇಳಿದ್ದಳು. ನಾನು ಅವನ್ನು ಅಲ್ಲಿಯೇ ಖರ್ಚು ಮಾಡಿದೆ.

"ಬಿಸಿ ಇಡ್ಲಿ. ಮೇಲೆ ತುಪ್ಪ."

"ಸಾಂಬಾರು ಖಾರ ಉಂಟು, ಬೇಡವಾ?"

"ಬ್ಯಾಡ," ಎಂದೆ. ಎಷ್ಟು ಸಲೀಸಾಗಿ ಬಂತು! ಮಗಳು ಮೇಜಿನ ಕೆಳಗೆ ನನ್ನ ಕಾಲನ್ನು ತನ್ನ ಕಾಲಿನಿಂದ ಒತ್ತಿದಳು. ಇಡ್ಲಿ ಬಂತು. ಮೆತ್ತಗೆ, ಹಬೆಯಾಡುತ್ತಾ, ತುಪ್ಪ ಅಂಚಿನಿಂದ ತಟ್ಟೆಗೆ ಇಳಿಯುತ್ತಾ. ಗಂಡ ತಮಗೆ ಮಸಾಲೆದೋಸೆ, ಆಮೇಲೆ ಇನ್ನೊಂದು, ಆಮೇಲೆ ಶಿರಾ ತರಿಸಿಕೊಂಡು ತಿಂದರು. ಈ ವಾರಗಳಲ್ಲಿ ಅವರೂ ಸರಿಯಾಗಿ ಉಂಡಿರಲಿಲ್ಲ ಎಂದು ನನಗೆ ಆಗ ಅರ್ಥವಾಯಿತು.

ತಾಯಿಗೆ ಪ್ಲಾಟ್‌ಫಾರ್ಮಿನಿಂದಲೇ ಫೋನ್ ಮಾಡಿದೆವು. ಮಗಳು, "ಅಜ್ಜಿ, ಎಲ್ಲಾ ಚಲೋ ಐತಿ, ಮಮ್ಮಿ ಮಾತಾಡ್ತಾಳ," ಎಂದು ನನ್ನ ಕೈಗೆ ಕೊಟ್ಟಳು. "ಅವ್ವಾ," ಎಂದೆ. ಗಾಡಿಯೊಂದು ಬಂದು, ನಿಂತು, ಹೋಯಿತು. ಆಮೇಲೆ, "ಸಾಕು, ಇಡು, ಗಂಟಲಿಗಿ ತ್ರಾಸ ಮಾಡ್ಕೋಬ್ಯಾಡ," ಎಂದಳು. ತಾನು ಮಾತ್ರ ಇಡಲಿಲ್ಲ.

ಈಗ ಆರೇಳು ತಿಂಗಳಾಗಿದೆ. ಅತ್ತೆಯ ಪಾತ್ರ ಆ ಹೊಸ ಹೆಣ್ಣುಮಗಳ ಹತ್ತಿರವೇ ಉಳಿಯಿತು. ಕಿರುಚುವ ಕೆಲಸ ನನಗೆ ಡಾಕ್ಟರೂ ಬೇಡ ಎಂದಳು. ನನಗೀಗ ಪ್ರಾಣಿಗಳ ಕಾರ್ಯಕ್ರಮಗಳಿಗೆ ನಿರೂಪಣೆ ಸಿಕ್ಕಿದೆ. ತಗ್ಗಿದ ಧ್ವನಿ, ನಿಧಾನದ ಮಾತು. ಆಮೆ ಮೊಟ್ಟೆಯಿಡುವುದನ್ನು, ಆನೆ ನೀರು ಹುಡುಕುವುದನ್ನು ಹೇಳುತ್ತೇನೆ. ಯಾರನ್ನೂ ಮನೆಯಿಂದ ಹೊರಗೆ ಹಾಕಬೇಕಾಗಿಲ್ಲ. ವಡಾ ಪಾವ್ ಕೂಡ ಯಾವಾಗಲಾದರೊಮ್ಮೆ ತಿನ್ನುತ್ತೇನೆ, ಕೆಂಪು ಚಟ್ನಿಪುಡಿ ಕಡಿಮೆ ಹಾಕಿಸಿಕೊಂಡು.

ಮಗಳು ಅಜ್ಜಿಗೆ ಈಗ ತಾನಾಗಿಯೇ ಫೋನ್ ಮಾಡುತ್ತಾಳೆ. ಅವಳ ಕನ್ನಡ ಏನೂ ಪೂರ್ತಿ ಸುಧಾರಿಸಿಲ್ಲ. "ಅಜ್ಜಿ, ಪುಂಡಿಪಲ್ಲೆ ಕಾ ಟೇಸ್ಟ್ ಯಾಕ ಹಿಂಗ ಆಗ್ತೈತಿ?" ಎನ್ನುತ್ತಾಳೆ. ಅಜ್ಜಿ ಬೈಯುತ್ತಾಳೆ, ಇವಳು ವಾದ ಮಾಡುತ್ತಾಳೆ. ಅಡುಗೆಮನೆಯಿಂದ ಅವರಿಬ್ಬರ ಜಗಳ ಕೇಳುತ್ತಿದ್ದರೆ ನಾನು ನಡುವೆ ಬಾಯಿ ಹಾಕುವುದಿಲ್ಲ. ಡಾಕ್ಟರ್ ಹೇಳಿದ್ದಕ್ಕಲ್ಲ, ಕೇಳುವುದಕ್ಕೆ ಚೆನ್ನಾಗಿರುತ್ತದೆ ಎಂದು. ಸೋಫಾದ ಮೇಲೆ ಕಾಲು ಚಾಚಿ, ಅಡುಗೆ ಆಗುವುದನ್ನು ಕಾಯುತ್ತೇನೆ.